ಬಿಚ್ಚದೆ ಇಟ್ಟ ಗಂಟು

ಮರ ಇನ್ನೂ ಚಿಗುರಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಬಂದು, ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಕನ್ನಡಕ ಒರೆಸಿಕೊಂಡು ಕಿಟಕಿಯ ಹತ್ತಿರ ನಿಲ್ಲುವುದು ಅವನ ಇಪ್ಪತ್ತೆರಡು ವರ್ಷಗಳ ರೂಢಿ. ಪತ್ರಿಕಾ ಕಚೇರಿಯ ಮೊದಲ ಮಹಡಿಯ ಆ ಕಿಟಕಿಯ ಕಂಬಿಗೆ ಒಂದು ಹಿಪ್ಪುನೇರಳೆ ಮರದ ಕೊಂಬೆ ತಾಗುತ್ತಿತ್ತು. ಪೊದೆಯಲ್ಲ, ಮರವೇ, ಕೆಳಗೆ ಹಿತ್ತಲಲ್ಲಿ ಕ್ಯಾಂಟೀನಿನ ತಗಡಿನ ಮಾಡಿನ ಆಚೆ ಎಲ್ಲೋ ಹುಟ್ಟಿ, ಯಾರೂ ಸವರದೆ ಬಿಟ್ಟದ್ದರಿಂದ ತನ್ನ ಪಾಡಿಗೆ ತಾನು ಇಷ್ಟೆತ್ತರ ಬಂದಿತ್ತು. ಪ್ರತಿವರ್ಷ ಚಳಿ ಮುಗಿಯುವ ಈ ವಾರಕ್ಕೆ ಸರಿಯಾಗಿ ಅದರ ಎಲೆ ಕಿರುಬೆರಳಿನ ಉಗುರಷ್ಟಾಗುತ್ತಿತ್ತು. ಅವನು ನೋಡುತ್ತಿದ್ದ, ಬಂದು ಕೂರುತ್ತಿದ್ದ, ಬರೆಯುತ್ತಿದ್ದ: 'ನಮ್ಮ ಮರ ಚಿಗುರಿತು. ಬೀಜ ಹೊರಗೆ ತೆಗೆಯಿರಿ.' ಇವತ್ತು ಬರೆಯಬೇಕಾದದ್ದು ಕೊನೆಯ ಅಂಕಣ. ಮುಂದಿನ ವಾರದಿಂದ ಕೃಷಿ ಪುಟದ ಜಾಗಕ್ಕೆ ತಾರಸಿ ತೋಟದ ಪುಟ ಬರುತ್ತದೆ, ಅವನು ಮನೆಗೆ ಹೋಗುತ್ತಾನೆ. ನಾಲ್ಕು ಗಂಟೆಯೊಳಗೆ ಬರಹ ಪುಟದ ಉಸ್ತುವಾರಿಯ ಕೈ ಸೇರಬೇಕು. ಮೊದಲ ಅಂಕಣ ಶುರುವಾದದ್ದು ಮರ ಚಿಗುರಿತು ಎಂಬ ಮಾತಿನಿಂದ, ಕೊನೆಯದು ಅದರಿಂದಲೇ ಮುಗಿಯಬೇಕು ಎಂದು ಒಂದು ವರ್ಷದಿಂದ ಮನಸ್ಸಿನಲ್ಲೇ ಕಟ್ಟಿಕೊಂಡು, ಸ್ನಾನ ಮಾಡುವಾಗಲೆಲ್ಲ ಗುನುಗಿಕೊಂಡು, ಎರಡು ಸಲ ಕಣ್ಣಲ್ಲಿ ನೀರೂ ತಂದುಕೊಂಡಿದ್ದ. ಈಗ ನೋಡಿದರೆ ಈ ದರಿದ್ರದ್ದು ಬೋಳಾಗಿ ನಿಂತಿದೆ. ಬರೆದುಬಿಟ್ಟರೆ ಏನಾಯಿತು, ಯಾರು ಬಂದು ನೋಡುತ್ತಾರೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಗಿ, ಯಾರಾದರೂ ನೋಡಿದರೇನೋ ಎಂಬಂತೆ ಹಿಂದೆ ತಿರುಗಿದ. ಯಾರೂ ನೋಡಿರಲಿಲ್ಲ. ಆ ಕೋಣೆಯಲ್ಲಿ ಅವನನ್ನು ಯಾರೂ ನೋಡದೆ ವರ್ಷಗಳೇ ಆಗಿದ್ದವು.

ಅವನಿಗೆ ಕಚೇರಿಯಲ್ಲಿ 'ಬದು ಸಾರ್' ಎಂದು ಹೆಸರು, ಅಂಕಣದ ಹೆಸರು 'ಬದುವಿನ ಮೇಲಿಂದ' ಎಂದಿದ್ದುದರಿಂದ. ನಿಜ ಹೇಳಬೇಕೆಂದರೆ ಬದುವಿನ ಮೇಲೆ ಅವನು ಕೊನೆಯ ಸಲ ಕಾಲಿಟ್ಟು ಎಂಟು ವರ್ಷ. ಹನ್ನೊಂದನೆಯ ವಯಸ್ಸಿನಲ್ಲಿ ಸೋದರತ್ತೆಯ ಮನೆಗೆ ಓದಲು ಹೋದವನು ಹೊಲದಲ್ಲಿ ಮಾಡಿದ ಕೆಲಸವೆಂದರೆ ಡಬ್ಬ ಬಡಿದು ಹಕ್ಕಿ ಓಡಿಸಿದ್ದು. ಅಪ್ಪನ ಹೊಲ ಅಕ್ಕನ ಪಾಲಿಗೆ ಬಂತು, ಅಪ್ಪನ ಮಾತು ಇವನ ಪಾಲಿಗೆ. ಧಾನ್ಯದ ಪೇಟೆಯ ಧಾರಣೆಯಲ್ಲಿ ಅಚ್ಚಿನ ತಪ್ಪು ಹುಡುಕುವ ಕರಡು ತಿದ್ದುವವನಾಗಿ ಕೆಲಸಕ್ಕೆ ಸೇರಿದ್ದವನನ್ನು ಹಳೆಯ ಸಂಪಾದಕರು ಒಂದು ದಿನ ಕರೆದು, 'ನಿಮ್ಮದು ಹಳ್ಳಿ ಅಲ್ವೇನ್ರೀ? ಹಾಗಾದ್ರೆ ಕೃಷಿ ಪುಟ ನೀವೇ ನೋಡ್ಕೊಳ್ಳಿ' ಎಂದರು. ಅಲ್ಲಿಗೆ ಮುಗಿಯಿತು. ಛಾಯಾಗ್ರಾಹಕ ತನ್ನ ಬೈಕು ಒರೆಸುವ ಟವೆಲನ್ನು ಅವನ ತಲೆಗೆ ಸುತ್ತಿ, 'ಸ್ವಲ್ಪ ಬಿಸಿಲಲ್ಲಿ ನಿಂತ ಹಾಗೆ ಮುಖ ಮಾಡಿ ಸಾರ್' ಎಂದು ತೆಗೆದ ಚಿತ್ರವೇ ಇವತ್ತಿಗೂ ಅಂಕಣದ ತಲೆಯ ಮೇಲೆ ಬರುತ್ತದೆ. ಟವೆಲಿನ ಪೆಟ್ರೋಲ್ ವಾಸನೆ ಈಗಲೂ ಮೂಗಿನಲ್ಲಿದೆ. ಮೊದಲ ವಾರ ಏನು ಬರೆಯಬೇಕೆಂದು ತೋಚದೆ ಕಿಟಕಿಯ ಹತ್ತಿರ ನಿಂತಿದ್ದಾಗ ಮರದಲ್ಲಿ ಚಿಗುರು ಕಂಡಿತು, ಅಪ್ಪನ ಮಾತು ನೆನಪಾಯಿತು. ಬದುವಿನ ಹಿಪ್ಪುನೇರಳೆಯ ಎಲೆಯನ್ನು ಕಿರುಬೆರಳಿನ ಪಕ್ಕ ಹಿಡಿದು ಅಪ್ಪ ಹೇಳುತ್ತಿದ್ದ, 'ಇಷ್ಟಾಯ್ತು ನೋಡು ಮಗಾ. ಇನ್ನು ಬೀಜ ತೆಗೀಬಹುದು.' ಅಪ್ಪನ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಮಣ್ಣು. ಎಲೆ ಆ ಉಗುರಿಗಿಂತ ಚೊಕ್ಕಟವಾಗಿರುತ್ತಿತ್ತು. ಅದನ್ನು ಬರೆದ. ಮೂವತ್ತು ಕಾಗದ ಬಂದವು. ಆಮೇಲೆ ಪ್ರತಿವರ್ಷ ಆ ವಾರದ ಅಂಕಣಕ್ಕೆ ಜನ ಕಾಯುತ್ತಾರೆ ಎಂದು ಪ್ರಸಾರ ವಿಭಾಗದವರು ಹೇಳಿದರು. ಐದು ಪುಸ್ತಕವಾದವು, ಒಂದು ಪ್ರಶಸ್ತಿ ಬಂತು. ಪ್ರಶಸ್ತಿ ಫಲಕ ತೆಗೆದುಕೊಂಡು ಮನೆಗೆ ಹೋದಾಗ ಹೆಂಡತಿ ಅದನ್ನು ಕೈಯಲ್ಲಿ ತೂಗಿ ನೋಡಿ, 'ಇದನ್ನ ಎಲ್ಲಿಡೋದು? ಧೂಳು ಒರೆಸೋಳು ನಾನೇ ತಾನೆ' ಎಂದಿದ್ದಳು. ಈಗ ಅದರ ಮೇಲೆ ಆರು ವರ್ಷದ ಧೂಳಿದೆ, ಅವಳು ಹೋದಂದಿನದು.

ಹನ್ನೆರಡರವರೆಗೂ ಹಾಳೆ ಮುಂದಿಟ್ಟುಕೊಂಡು ಕೂತ. ಏನೂ ಹೊಳೆಯಲಿಲ್ಲ. ಮರ ಸತ್ತೇ ಹೋಗಿರಬಹುದು ಎಂಬ ಅನುಮಾನ ಬಂತು. ಎದ್ದು ಮೆಟ್ಟಿಲಿಳಿದು, ಕ್ಯಾಂಟೀನ್ ದಾಟಿ ಹಿತ್ತಲಿಗೆ ಹೋದ. ಅಲ್ಲಿಗೆ ಅವನು ಹೋದದ್ದು ಇದೇ ಮೊದಲು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಹೋಗುವ ಕೆಲಸವಾದರೂ ಏನಿತ್ತು? ಟೀ ಮೇಲಕ್ಕೇ ಬರುತ್ತಿತ್ತು, ಊಟ ಮನೆಯ ಡಬ್ಬಿಯಲ್ಲಿರುತ್ತಿತ್ತು, ಮರ ಕಿಟಕಿಯಲ್ಲೇ ಕಾಣುತ್ತಿತ್ತು. ಹಿತ್ತಲಲ್ಲಿ ಹೊಸದಾಗಿ ಸಿಮೆಂಟು ಬಳಿದ ವಾಸನೆ. ಕ್ಯಾಂಟೀನನ್ನು ಚಳಿಗಾಲದಲ್ಲಿ ಒಡೆದು ಹೊಸದಾಗಿ ಕಟ್ಟಿದ್ದರು. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಪ್ಲಂಬರ್ ಒಂದು ಬಿಳಿ ಪೈಪಿಗೆ ಕೊನೆಯ ಕ್ಲಾಂಪ್ ಹೊಡೆಯುತ್ತಿದ್ದ. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದ.

'ಈ ಮರಕ್ಕೆ ಏನಾದ್ರೂ ಪೆಟ್ಟು ಬಿತ್ತೇನಪ್ಪಾ? ಕೆಲಸ ಮಾಡುವಾಗ ಬೇರು ಗೀರು ಕಡಿದ್ರಾ?' ಎಂದು ಕೇಳಿದ.

ಪ್ಲಂಬರ್ ಮೊಳೆ ತೆಗೆದು ಅಂಗೈಯಲ್ಲಿಟ್ಟುಕೊಂಡ. 'ಮರದ ತಂಟೆಗೆ ನಾವು ಹೋಗಿಲ್ಲ ಸಾರ್. ಯಾಕೆ?'

'ಇಷ್ಟೊತ್ತಿಗೆ ಚಿಗುರಬೇಕಿತ್ತು. ಪ್ರತಿವರ್ಷ ಇದೇ ವಾರ ಚಿಗುರೋದು.'

'ಚಿಗುರದೆ ಏನು ಮಾಡುತ್ತೆ ಸಾರ್!' ಪ್ಲಂಬರ್ ನಕ್ಕ. 'ಇಲ್ಲಿ ಹಳೇ ಪೈಪಿತ್ತಲ್ಲ, ಪಾತ್ರೆ ತೊಳೆಯೋ ತೊಟ್ಟಿದು, ಅದು ಎಷ್ಟು ವರ್ಷದಿಂದ ಒಡೆದಿತ್ತೋ ದೇವರಿಗೇ ಗೊತ್ತು. ಬಿಸಿನೀರೆಲ್ಲ ನೇರ ಇದರ ಬುಡಕ್ಕೇ. ಚಳಿಗಾಲ ಅನ್ನೋದೇ ಇದಕ್ಕೆ ಗೊತ್ತಿರಲಿಲ್ಲ. ಬೇರೆಲ್ಲ ಪೈಪೊಳಗೇ ನುಗ್ಗಿ ಗಡದ್ದಾಗಿ ಮಲಗಿತ್ತು. ಮಾವನ ಮನೇಲಿದ್ದ ಹಾಗಿತ್ತು ಸಾರ್ ಇದರ ಬಾಳು. ನಾವು ಪೈಪ್ ಹೊಸದು ಹಾಕಿದ್ವಿ, ಸೋರಿಕೆ ನಿಂತುಹೋಯ್ತು. ಇನ್ನು ಇದೂ ಎಲ್ಲಾ ಮರದ ಹಾಗೆ ಟೈಮಿಗೆ ಸರಿಯಾಗಿ ಚಿಗುರುತ್ತೆ ಬಿಡಿ. ಇನ್ನೂ ಮೂರು ವಾರ ಇದೆಯಲ್ಲ.'

'ಮೂರು ವಾರ,' ಎಂದ ಅವನು.

'ನಮ್ಮ ಬೀದಿಯಲ್ಲೂ ಒಂದಿದೆ ಸಾರ್. ಅದು ಚಿಗುರೋದು ಆವಾಗಲೇ,' ಎಂದು ಹೇಳಿ ಪ್ಲಂಬರ್ ಮತ್ತೆ ಮೊಳೆಯನ್ನು ಬಾಯಿಗಿಟ್ಟುಕೊಂಡ.

ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲಬೇಕಾಯಿತು. ಇಪ್ಪತ್ತೆರಡು ವರ್ಷ. ಕ್ಯಾಂಟೀನಿನ ಎಂಜಲು ತೊಳೆದ ಬಿಸಿನೀರು ಕುಡಿದು ಕೊಬ್ಬಿದ ಒಂದು ಮರವನ್ನು ನೋಡಿ ಅವನು ಊರೂರಲ್ಲೂ ಬೀಜ ಹೊರಗೆ ತೆಗೆಸಿದ್ದ. ಬೀದಿಯ ಮರವನ್ನು ಪ್ಲಂಬರ್ ನೋಡಿದ್ದಾನೆ. ಇವನು ನೋಡಿಲ್ಲ. ಕಚೇರಿಗೆ ನಡೆದು ಬರುವ ದಾರಿಯಲ್ಲೇ ಎರಡೋ ಮೂರೋ ಹಿಪ್ಪುನೇರಳೆ ಇರಬೇಕು, ಬಸ್ ನಿಲ್ದಾಣದ ಹತ್ತಿರ ಒಂದು ಖಂಡಿತ ಇದೆ, ಅವು ಬೋಳಾಗಿದ್ದುದು ಕಣ್ಣಿಗೆ ಬಿದ್ದೇ ಇರಬೇಕು. ಆದರೆ ಅವು ಬೀದಿಯ ಮರಗಳು, ಧೂಳು ತಿಂದು ಹಿಂದೆ ಬಿದ್ದಿವೆ, ತನ್ನದು ಮಾತ್ರ ಸರಿಯಾದ ಮರ ಎಂದು ಯಾವ ವರ್ಷವೋ ತೀರ್ಮಾನ ಮಾಡಿಬಿಟ್ಟಿದ್ದ. ಒಂದು ವರ್ಷ ಯಾವನೋ ಓದುಗ, 'ನಿಮ್ಮ ಮರ ಸ್ವಲ್ಪ ಅವಸರದ ಮರ ಇರಬೇಕು' ಎಂದು ಬರೆದಿದ್ದ ಕಾಗದ ನೆನಪಾಯಿತು. ಅದಕ್ಕೆ ಅವನು ಅಂಕಣದಲ್ಲೇ ಉತ್ತರ ಕೊಟ್ಟಿದ್ದ, ನೆಲವನ್ನು ಮರೆತವರಿಗೆ ಮರದ ಭಾಷೆ ತಿಳಿಯದು ಎಂದು. ಎಂಥ ಸೊಕ್ಕಿನ ಮಾತು! ಅದನ್ನು ಬರೆದ ದಿನ ಖುಷಿಯಲ್ಲಿ ಎರಡು ಟೀ ಕುಡಿದಿದ್ದ. ಆ ಲೋಟಗಳನ್ನು ತೊಳೆದ ನೀರೂ ಹೋಗಿ ಸೇರಿದ್ದು ಅದೇ ಬುಡಕ್ಕೆ. ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೇಲಿನಿಂದ ಇಳಿದುಬಂದ ಯಾರೋ 'ಏನ್ ಸಾರ್, ಮಂಡಿ ನೋವಾ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಮೇಜಿಗೆ ಬಂದು ಕೂತವನ ಕೈ ತಾನಾಗಿಯೇ ಕೆಳಗಿನ ಡ್ರಾಯರಿಗೆ ಹೋಯಿತು. ಹಳೆಯ ರಬ್ಬರು, ಮುರಿದ ಸ್ಟೇಪ್ಲರ್, ಹೆಂಡತಿಯ ಆಸ್ಪತ್ರೆಯ ಚೀಟಿಗಳು, ಎಲ್ಲದರ ಕೆಳಗೆ ನೀಲಿ ಅಂಚಿನ ಬಿಳಿ ಕರವಸ್ತ್ರ, ನಾಲ್ಕು ಮೂಲೆ ಸೇರಿಸಿ ಹಾಕಿದ ಗಂಟು. ಹನ್ನೊಂದು ವರ್ಷದ ಹಿಂದೆ, ಮಳೆ ಇನ್ನೂ ಹಿಡಿಯದ ದಿನಗಳಲ್ಲಿ, ಎಲ್ಲಿಂದಲೋ ಒಬ್ಬ ಮನುಷ್ಯ ಅವನನ್ನು ನೋಡಲು ಬಂದಿದ್ದ. ಊಟವಾದ ಮೇಲೆ ಮೇಜಿಗೆ ತಲೆಯಿಟ್ಟು ಅರ್ಧ ಗಂಟೆ ಕಣ್ಣು ಮುಚ್ಚುವುದು ಅವನ ಅಭ್ಯಾಸ. 'ಸಾಹೇಬ್ರು ಬರೀತಿದ್ದಾರೆ' ಎಂದು ಹೇಳಿ ಬಂದವರನ್ನು ಕೂರಿಸುವುದು ಅಟೆಂಡರನ ಅಭ್ಯಾಸ. ಎದ್ದಾಗ ಮನುಷ್ಯ ಹೋಗಿಯಾಗಿತ್ತು. ಮೇಜಿನ ಮೇಲೆ ಈ ಗಂಟಿತ್ತು. 'ನೋಡಿದ್ರೆ ನಿಮಗೇ ಗೊತ್ತಾಗುತ್ತಂತೆ,' ಎಂದಿದ್ದ ಅಟೆಂಡರ್. ಬಟ್ಟೆಯ ಮೇಲಿಂದಲೇ ಅದುಮಿ ನೋಡಿದ, ಕಾಳು. ಎದೆ ತುಂಬಿಬಂತು. ತನ್ನ ಮಾತು ಕೇಳಿ ಬಿತ್ತಿ, ಬೆಳೆದು, ಮೊದಲ ಹಿಡಿಯನ್ನು ತಂದುಕೊಟ್ಟು, ಹೆಸರೂ ಹೇಳದೆ ಹೋದ ರೈತ! ಬಿತ್ತನೆಯ ಕಾಲದಲ್ಲಿ ಯಾವ ಫಸಲಪ್ಪಾ ಬರುತ್ತದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಆ ವಾರದ ಅಂಕಣಕ್ಕೆ 'ಕಾಳಿನ ಕಾಣಿಕೆ' ಎಂದು ಹೆಸರಿಟ್ಟ. 'ಚಿನ್ನದ ಬಣ್ಣದ ಆ ಮೆಕ್ಕೆಜೋಳದ ಕಾಳುಗಳು ನನ್ನ ಅಂಗೈಯಲ್ಲಿ ನಕ್ಕವು' ಎಂದು ಬರೆದ. ಮುಂದೆ ಅದೇ ಅವನ ಮೂರನೆಯ ಪುಸ್ತಕದ ಹೆಸರಾಯಿತು, ಪ್ರಶಸ್ತಿ ಬಂದದ್ದು ಅದಕ್ಕೇ. ಗಂಟು ಗಂಟಾಗಿದ್ದರೇ ಚೆಂದ ಎಂದು ಮುಖಪುಟ ವಿನ್ಯಾಸ ಮಾಡುವವನು ಹೇಳಿದ್ದರಿಂದ ಹಾಗೆಯೇ ಚಿತ್ರ ತೆಗೆದರು. ಹಾಗೆಯೇ ಡ್ರಾಯರಿನಲ್ಲಿಟ್ಟ. ಇವತ್ತಿನವರೆಗೆ ಅದನ್ನು ಬಿಚ್ಚಿರಲಿಲ್ಲ. ಚಿನ್ನದ ಬಣ್ಣ, ಅಂಗೈ, ನಗು, ಎಲ್ಲಾ ಅವನ ಸ್ವಂತದ್ದು.

ಗಂಟು ಬಿಗಿದುಹೋಗಿತ್ತು. ಉಗುರಿನಿಂದ ಆಗದೆ, ಪೇಪರ್ ಕತ್ತರಿಯ ತುದಿ ತೂರಿಸಿ ಬಿಡಿಸಬೇಕಾಯಿತು. ಒಣ ಮಣ್ಣು ಮೊದಲು ಉದುರಿತು, ಕರಡು ಹಾಳೆಯ ಮೇಲೆ, ಬಿಳಿಯ ಮೇಲೆ ಕಪ್ಪಗೆ. ಆಮೇಲೆ ಕಾಳು. ಇಪ್ಪತ್ತೋ ಮೂವತ್ತೋ. ಒಂದೂ ಚಿನ್ನದ ಬಣ್ಣದ್ದಿರಲಿಲ್ಲ. ಊದಿ ಸುಕ್ಕುಗಟ್ಟಿ, ಬೂದಿ ಬಣ್ಣಕ್ಕೆ ತಿರುಗಿ, ಒಂದೊಂದರ ತುದಿಯಲ್ಲೂ ದಾರದೆಳೆಯಂಥ ಒಣಗಿದ ಬೇರು ಹೊರಗೆ ಬಂದಿತ್ತು. ಮಣ್ಣಿನಿಂದ ಕೆದಕಿ ತೆಗೆದ ಕಾಳು. ಹಕ್ಕಿ ಓಡಿಸುತ್ತಿದ್ದ ಹನ್ನೊಂದು ವರ್ಷದ ಹುಡುಗನಾಗಿದ್ದರೂ ನೋಡಿದ ತಕ್ಷಣ ಹೇಳುತ್ತಿದ್ದ, ಇದು ಮೊಳೆತು ಸತ್ತದ್ದು ಎಂದು. ಅದನ್ನು ಹೊಲದಿಂದ ಹೆಕ್ಕಿ, ಬಟ್ಟೆಯಲ್ಲಿ ಕಟ್ಟಿ, ಬಸ್ಸು ಹತ್ತಿ ತಂದುಕೊಟ್ಟವನ ಮೇಲೆ ಇವನು ಒಂದು ಪುಸ್ತಕ ಬರೆದ. ದೂರು ತಂದವನಿಗೆ ಧನ್ಯವಾದ ಹೇಳಿದ. ಅವನು ಅದನ್ನು ಓದಿರಬಹುದೇ? ಓದಿರಬಹುದು. ಅಂಕಣ ಓದುವವನೇ ತಾನೆ ಬಂದದ್ದು. ಅವತ್ತಿನ ಪತ್ರಿಕೆ ಬಿಚ್ಚಿ, ತನ್ನ ಸತ್ತ ಕಾಳು ಚಿನ್ನದ ಬಣ್ಣದಲ್ಲಿ ನಗುವುದನ್ನು ನೋಡಿ ಆ ಮನುಷ್ಯ ಏನು ಅಂದುಕೊಂಡಿರಬಹುದು ಎಂದು ಯೋಚಿಸಲು ಹೋಗಿ, ಅಲ್ಲಿಯೇ ನಿಲ್ಲಿಸಿದ. ಮುಂದೆ ಯೋಚಿಸಲು ಧೈರ್ಯ ಸಾಲಲಿಲ್ಲ. ಆ ಕೋಣೆಯಲ್ಲಿ ಎಂಟು ಮಂದಿ ಕೀಲಿಮಣೆ ಕುಟ್ಟುತ್ತಿದ್ದರು, ಒಬ್ಬರೂ ತಲೆ ಎತ್ತಲಿಲ್ಲ.

ಅಟೆಂಡರ್ ಟೀ ತಂದಿಟ್ಟ. ಅವನೂ ಹಳಬ, ಮುಂದಿನ ವರ್ಷ ಹೋಗುವವನು. ಹಾಳೆಯ ಮೇಲಿನ ಮಣ್ಣು ನೋಡಿ, 'ಇದೇನ್ ಸಾರ್, ಮೇಜೆಲ್ಲಾ ಗಲೀಜು ಮಾಡ್ಕೊಂಡು' ಎಂದು ಬಟ್ಟೆ ತೆಗೆದ.

'ಮುಟ್ಟಬೇಡ!' ದನಿ ತನಗೇ ಜೋರೆನಿಸಿತು. ತಗ್ಗಿಸಿ ಕೇಳಿದ, 'ಇದನ್ನ ಕೊಟ್ಟುಹೋದ ಮನುಷ್ಯ ನೆನಪಿದ್ದಾನೇನಯ್ಯಾ?'

'ನೆನಪಿಲ್ಲದೆ ಏನು? ನೀವು ಪುಸ್ತಕಾನೇ ಬರೆದ್ರಲ್ಲ.' ಅಟೆಂಡರ್ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. 'ಉದ್ದಕ್ಕಿದ್ರು. ಮಾತು ಕಮ್ಮಿ. ನೀವು ಮಲಗಿದ್ರಿ, ಕ್ಯಾಂಟೀನಲ್ಲಿ ಕೂತಿರಿ ಅಂದೆ. ಕೈ ತೊಳೆಯೋಕೆ ಅಂತ ಹಿಂದೆ ಹೋದವರು ಎಷ್ಟೊತ್ತಾದ್ರೂ ಬರಲೇ ಇಲ್ಲ. ಏನಪ್ಪಾ ಇದು ಅಂತ ಹೋಗಿ ನೋಡಿದ್ರೆ, ಮರದ ಬುಡದಲ್ಲಿ ಕೂತಿದ್ದಾರೆ! ಪೈಪ್ ನೋಡ್ತಾರೆ, ಮರ ನೋಡ್ತಾರೆ. ಮಣ್ಣು ಹಿಂಡಿ ನೋಡ್ತಾರೆ. ಇದೇನಾ ಅವರು ಬರೆಯೋ ಮರ ಅಂತ ಕೇಳಿದ್ರು. ಹೌದು, ಇದೇ ಅಂದೆ. ಆಮೇಲೆ ನಕ್ಕರು.'

'ನಕ್ಕರಾ?'

'ನಗು ಅಂದ್ರೆ... ಖುಷಿ ನಗು ಅಲ್ಲ ಸಾರ್. ನಮ್ಮಪ್ಪ ಎತ್ತು ಸತ್ತ ದಿನ ಹಾಗೆ ನಕ್ಕಿದ್ರು. ಸಾಹೇಬ್ರನ್ನ ಎಬ್ಬಿಸ್ಲಾ ಅಂದೆ. ಬೇಡ ಬಿಡಿ, ಮಲಗಿರ್ಲಿ ಅಂದ್ರು. ಇದನ್ನ ಕೊಟ್ಟುಬಿಡಿ, ಬಿಚ್ಚಿ ನೋಡಿದ್ರೆ ಅವರಿಗೇ ಗೊತ್ತಾಗುತ್ತೆ ಅಂದ್ರು.'

'ಇದನ್ನೆಲ್ಲ ಆವತ್ತು ಯಾಕಯ್ಯಾ ಹೇಳ್ಲಿಲ್ಲ?'

'ನೀವು ಕೇಳಲೇ ಇಲ್ವಲ್ಲ ಸಾರ್. ಗಂಟು ನೋಡಿ ಖುಷಿಯಾದ್ರಿ. ಕಾಣಿಕೆ ಅಂದ್ರಿ. ನಾನು ಯಾಕೆ ಮಧ್ಯ ಬಾಯಿ ಹಾಕ್ಲಿ?' ಅಟೆಂಡರ್ ಟೀ ಲೋಟವನ್ನು ಮಣ್ಣಿನಿಂದ ದೂರಕ್ಕೆ ಸರಿಸಿದ. 'ಆರೋಗುತ್ತೆ, ಕುಡೀರಿ.'

ಎರಡು ಗಂಟೆಗೆ, ಕೈಗೆ ಕೆಲಸವಿಲ್ಲದವನ ಹಾಗೆ, ಅಕ್ಕನಿಗೆ ಫೋನ್ ಮಾಡಿದ. ಮಾಡಲು ಭಯವಾಗುತ್ತಿತ್ತು. ಅಕ್ಕ ಅವನ ಅಂಕಣವನ್ನು ಒಂದು ವಾರವೂ ಬಿಡದೆ ಓದುತ್ತಾಳೆಂದು ಗೊತ್ತು. ಅಕ್ಷರ ಬಾರದ ಅಕ್ಕಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ ಎಂದೂ ಗೊತ್ತು. ಇಪ್ಪತ್ತೆರಡು ವರ್ಷ ಅವಳ ಹೊಲವೂ ಇದರಿಂದ ಹಾಳಾಗಿದ್ದರೆ? ಅವಳು ಸೋತ ವರ್ಷಗಳೆಷ್ಟು, ಎರಡನೆಯ ಸಲ ಬಿತ್ತಿದ ವರ್ಷಗಳೆಷ್ಟು, ತಮ್ಮನ ಮುಖ ನೋಡಿ ನುಂಗಿಕೊಂಡದ್ದೆಷ್ಟು? ಕಾರಿಡಾರಿನ ಕೊನೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಗೋಡೆಗೆ ಮುಖ ಮಾಡಿ ನಿಂತ.

'ನೀನಾ!' ಅಕ್ಕನ ದನಿ ಗಾಬರಿಯಾಗಿತ್ತು. 'ಏನಾಯ್ತೋ? ಹುಷಾರಾಗಿದ್ದೀಯ ತಾನೆ?'

'ಚೆನ್ನಾಗಿದ್ದೀನಿ. ಏನಾದ್ರೂ ಆದ್ರೇನೇ ಫೋನ್ ಮಾಡ್ಬೇಕಾ?'

'ಇಷ್ಟು ದಿನ ಹಾಗೇ ತಾನೇ ಮಾಡಿದ್ದು,' ಎಂದಳು ಅಕ್ಕ. ಅದರಲ್ಲಿ ಚುಚ್ಚು ಇರಲಿಲ್ಲ.

'ಅಕ್ಕಾ, ಒಂದು ವಿಷಯ ಕೇಳ್ತೀನಿ, ನಿಜ ಹೇಳು. ಮರ ಚಿಗುರಿತು ಅಂತ ನಾನು ಬರೀತಿದ್ನಲ್ಲ, ಅದನ್ನ ನೋಡಿ ಬಿತ್ತುತ್ತಿದ್ಯಾ?'

ಅಕ್ಕ ನಕ್ಕಳು, ಚಿಕ್ಕಂದಿನಲ್ಲಿ ಅವನು ಅಪ್ಪನ ಚಪ್ಪಲಿ ಹಾಕಿಕೊಂಡು ಬಿದ್ದಾಗ ನಗುತ್ತಿದ್ದ ಹಾಗೆ, ತಡೆಯಲಾರದೆ. 'ಅಯ್ಯೋ ನಿನ್ನ! ಅದನ್ನ ನೋಡಿ ಬಿತ್ತಿದ್ರೆ ನಾವು ಮಣ್ಣು ತಿನ್ನಬೇಕಿತ್ತು. ನಿನ್ನ ಮರ ಚಿಗುರಿದ ಮೇಲೆ ಮೂರು ವಾರ ಕಾಯಬೇಕು ಅಂತ ಇಲ್ಲಿ ಮಕ್ಕಳಿಗೂ ಗೊತ್ತು ಕಣೋ. ಮೊದಲ ವರ್ಷವೇ ನಮ್ಮ ಬದುವಿನ ಮರ ನೋಡಿದ್ನಲ್ಲ, ಇದಕ್ಕೂ ನಿನ್ನದಕ್ಕೂ ತಾಳೆನೇ ಇಲ್ಲ.'

ನೆಮ್ಮದಿಯೋ ಅವಮಾನವೋ, ಎರಡೂ ಒಟ್ಟಿಗೇ ಬಂದು ಯಾವುದೆಂದು ತಿಳಿಯಲಿಲ್ಲ. 'ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?'

'ಏನಂತ ಹೇಳೋದು? ಪೇಪರಲ್ಲಿ ಬರೆಯೋ ತಮ್ಮನಿಗೆ ನಿನ್ನ ಮರ ಸರಿ ಇಲ್ಲ ಅಂತ ಹೇಳ್ಲಾ? ನೀನು ಎಷ್ಟು ಚೆನ್ನಾಗಿ ಬರೀತಿದ್ದೆ, ಅಪ್ಪನ ಕೈ, ಉಗುರು ಎಲ್ಲಾ. ಓದಿ ಒಂದು ಗಳಿಗೆ ಅಳ್ತಿದ್ದೆ, ಆಮೇಲೆ ಕ್ಯಾಲೆಂಡರಲ್ಲಿ ಮೂರು ವಾರ ಮುಂದೆ ಗುರುತು ಹಾಕ್ತಿದ್ದೆ.'

'ಹಾಗಾದ್ರೆ ಓದ್ತಿದ್ದದ್ದಾದ್ರೂ ಯಾಕೆ?'

'ಇದೇನು ಹೀಗೆ ಕೇಳ್ತೀಯ? ನಿನ್ನ ಸಮಾಚಾರ ನಮಗೆ ಇನ್ನೆಲ್ಲಿಂದ ಗೊತ್ತಾಗಬೇಕು? ನಿನ್ನ ಹೆಂಡತಿ ಆಸ್ಪತ್ರೇಲಿದ್ದಾಗ ನೀನು ಗೊಬ್ಬರದ ಗುಂಡಿ ಬಗ್ಗೆ ಬರೆದಿದ್ದೆ, ಎರಡು ವಾರ ಒಂದನ್ನೇ. ಇವನ ಮನಸ್ಸು ನೆಲೇಲಿಲ್ಲ, ಏನೋ ಆಗಿದೆ ಅಂತ ಆವಾಗಲೇ ಅಂದೆ ನಾನು. ಮರ ಚಿಗುರಿತು ಅಂತ ಬಂದ್ರೆ, ಸದ್ಯ, ಇನ್ನೊಂದು ವರ್ಷ ಕಿಟಕಿ ಹತ್ರ ನಿಲ್ಲೋಷ್ಟು ಚೆನ್ನಾಗಿದ್ದಾನೆ ಅಂತ.' ಅಕ್ಕ ಉಸಿರು ತೆಗೆದುಕೊಂಡಳು. 'ಈ ವರ್ಷ ಇನ್ನೂ ಬಂದಿಲ್ವಲ್ಲ ಅಂತ ನಿನ್ನೆ ಅಂದ್ಕೊಂಡೆ.'

ಅವನು ಆ ಮನುಷ್ಯನ, ಮೊಳೆತು ಸತ್ತ ಕಾಳಿನ ವಿಷಯ ಹೇಳಿದ, ಗೋಡೆಗೆ ಹೇಳುವ ಹಾಗೆ, ತಡವರಿಸಿಕೊಂಡು. ಪುಸ್ತಕದ ವಿಷಯವನ್ನೂ ಹೇಳಿದ. ಅಕ್ಕ ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. 'ಬೇರು ಎಷ್ಟುದ್ದ ಬಂದಿದೆ?' ಎಂದು ಕೇಳಿದಳು.

'ಕಿರುಬೆರಳಿನ ಉಗುರಷ್ಟು.'

'ಹಾಗಾದ್ರೆ ನೆಲದಲ್ಲಿ ಉಳಿದಿದ್ದ ತೇವಕ್ಕೆ ಮೊಳಕೆ ಬಂದು, ಮೇಲೆ ಮಳೆ ಇಲ್ಲದೆ ಕಮರಿದೆ. ಮೂರು ವಾರ ತಡೆದಿದ್ರೆ ಏನೂ ಆಗ್ತಿರಲಿಲ್ಲ.' ಅವಳ ಹಿಂದೆ ಯಾವುದೋ ಕೋಳಿ ಕೂಗುತ್ತಿತ್ತು. 'ನಮಗೆ ನೀನು ಗೊತ್ತಿದ್ದೆ ಕಣೋ, ಅದಕ್ಕೆ ಕಾದ್ವಿ. ಅವನಿಗೆ ನೀನು ಬರೆದದ್ದು ಮಾತ್ರ ಗೊತ್ತಿತ್ತು, ಪಾಪ.'

ಕೆಂಪು ಸಿಲಿಂಡರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಸಲ ಪರೀಕ್ಷೆ ಮಾಡಿದ ದಿನಾಂಕ ಅಳಿಸಿಹೋಗಿತ್ತು. ಅದನ್ನೇ ಓದಲು ಪ್ರಯತ್ನಿಸುತ್ತ ಅವನು ಹೇಳಿದ, 'ಅಕ್ಕಾ, ಇದೇ ಕೊನೇ ವಾರ. ಮುಂದಿನ ವಾರದಿಂದ ಅಂಕಣ ಇರೋದಿಲ್ಲ.'

'ಹೌದಾ?' ಎಂದಳು ಅಕ್ಕ. ಆಮೇಲೆ, 'ಹಾಗಾದ್ರೆ ನಿನ್ನ ಸಮಾಚಾರ?'

'ಫೋನ್ ಮಾಡ್ತೀನಿ.'

'ಮಾಡ್ತೀಯ,' ಎಂದಳು, ಪ್ರಶ್ನೆಯೂ ಅಲ್ಲದ ನಂಬಿಕೆಯೂ ಅಲ್ಲದ ದನಿಯಲ್ಲಿ. 'ಊಟ ಆಯ್ತಾ?'

ಡಬ್ಬಿ ಇನ್ನೂ ಚೀಲದಲ್ಲೇ ಇತ್ತು. ಆಯಿತೆಂದು ಹೇಳಿ ಫೋನ್ ಇಟ್ಟ. ಕಾರಿಡಾರಿನಲ್ಲಿ ಹಿಂದಕ್ಕೆ ನಡೆಯುವಾಗ, ಇಷ್ಟು ವರ್ಷ ತಾನು ಯಾರಿಗೆ ಬರೆಯುತ್ತಿದ್ದೆ ಎಂದು ಹುಡುಕಿದ. ಕಾಯುತ್ತಾರೆ ಎಂದು ಪ್ರಸಾರ ವಿಭಾಗದವರು ಹೇಳಿದ ಜನರೆಲ್ಲ ಒಂದು ಕೈಯಲ್ಲಿ ಪತ್ರಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಕ್ಯಾಲೆಂಡರಿನ ಹಾಳೆ ತಿರುಗಿಸುವುದು ಕಂಡಿತು. ಅವರೆಲ್ಲರ ಬದುವಿನ ಮೇಲೂ ಒಂದೊಂದು ಮರ ಇದ್ದೇ ಇತ್ತು. ಅಯ್ಯೋ, ಇವನ ಮರ ಯಾರಿಗೆ ಬೇಕಿತ್ತು! ಅವರು ಓದಿ, ಚೆನ್ನಾಗಿ ಬರೀತಾನೆ ಅಂದು, ಮಡಿಸಿಟ್ಟು ತಮ್ಮ ಕೆಲಸಕ್ಕೆ ಹೋದರು. ಕೊನೆಗೂ ನಿಜವಾಗಿ ಓದಿದವನು, ಬರೆದ ಮಾತನ್ನು ಮಾತೆಂದು ಹಿಡಿದು ನೆಲಕ್ಕೆ ಹಾಕಿದವನು ಒಬ್ಬನೇ. ಅವನು ಬಂದಾಗ ಇವನು ಮೇಜಿನ ಮೇಲೆ ಜೊಲ್ಲು ಸುರಿಸಿಕೊಂಡು ಮಲಗಿದ್ದ. ಒಬ್ಬ ಓದುಗ, ಅವನೂ ಹೋದ. ಅಂಥವನಿಗೆ ಆದದ್ದು ಒಂದು ವರ್ಷದ ಬಿತ್ತನೆ ನಷ್ಟವೋ ಇನ್ನೂ ಹೆಚ್ಚಿನದೋ ಎಂದು ತಿಳಿಯಲು ಈಗ ಯಾವ ದಾರಿಯೂ ಇಲ್ಲ. ಮಲಗಿರ್ಲಿ ಅಂದನಂತೆ. ಬೈದಿದ್ದರೆ ಚೆನ್ನಾಗಿತ್ತು.

ಮೂರೂ ಮುಕ್ಕಾಲಿಗೆ ಬರೆದು ಮುಗಿಸಿದ. ಹಿಂದೆಂದೂ ಇಷ್ಟು ಬೇಗ ಬರೆದಿರಲಿಲ್ಲ, ಇಷ್ಟು ಚಿಕ್ಕದೂ ಬರೆದಿರಲಿಲ್ಲ. ಅಪ್ಪನ ಉಗುರು ಅದರಲ್ಲಿ ಇರಲಿಲ್ಲ. ಒಡೆದ ಪೈಪು, ಪಾತ್ರೆಯ ನೀರು, ಪ್ಲಂಬರ್, ಮೂರು ವಾರ, ಎಲ್ಲವನ್ನೂ ಇದ್ದ ಹಾಗೆ ಇಟ್ಟಿದ್ದ. ಹಾಳೆ ತೆಗೆದುಕೊಂಡು ಪುಟದ ಉಸ್ತುವಾರಿಯ ಮೇಜಿಗೆ ಹೋದ. ಅವಳು ಹೋದ ವರ್ಷ ಬಂದ ಹುಡುಗಿ, ಮೇಜಿನ ಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ಪುದೀನ ಬೆಳೆಸಿದ್ದಾಳೆ, ಅವನನ್ನು ಕಂಡರೆ ಎದ್ದು ನಿಲ್ಲುತ್ತಾಳೆ. ನಿಂತುಕೊಂಡೇ ಓದಿದಳು. ಎರಡನೆಯ ಸಾಲಿಗೆ ನಗತೊಡಗಿದಳು. 'ಅಯ್ಯೋ ಸಾರ್! ಪಾತ್ರೆ ತೊಳೆದ ನೀರಾ! ಎಷ್ಟು ತಮಾಷೆಯಾಗಿ ಬರೆದಿದ್ದೀರಿ! ಇದನ್ನ ಕೊನೇ ಪುಟದ ನಗೆ ಬರಹಕ್ಕೇ ಹಾಕಬಹುದು,' ಎಂದಳು. ಅಕ್ಕಪಕ್ಕದ ಇಬ್ಬರು ತಲೆ ಎತ್ತಿ ನಕ್ಕರು. ಅವನೂ ನಗಬೇಕೇನೋ ಎಂದು ತುಟಿ ಅಗಲ ಮಾಡಿದ. ಕೆಳಗೆ ಬರುತ್ತ ಬರುತ್ತ ಅವಳ ನಗು ಕಡಿಮೆಯಾಯಿತು. ಕೊನೆಯ ಸಾಲನ್ನು ಎರಡು ಸಲ ಓದಿದಳೆಂದು ಕಾಣುತ್ತದೆ, ಕಣ್ಣು ಅಲ್ಲೇ ನಿಂತಿತು. ಅಲ್ಲಿ ಇಷ್ಟೇ ಇತ್ತು: 'ನೀವು ತಂದುಕೊಟ್ಟ ಕಾಳಿನ ಗಂಟನ್ನು ಇವತ್ತು ಬಿಚ್ಚಿ ನೋಡಿದೆ.'

'ಸಾರ್, ಇದು ಯಾರಿಗೆ?'

'ಒಬ್ಬರಿಗೆ.'

'ಹೆಸರು ಹಾಕೋಣ ಸಾರ್. ಇಲ್ಲದಿದ್ರೆ ಓದೋರಿಗೆ ಅರ್ಥ ಆಗಲ್ಲ.'

'ಹೆಸರು ಕೇಳಿರಲಿಲ್ಲ,' ಎಂದ ಅವನು.

ಹುಡುಗಿ ಪೆನ್ನು ಹಿಡಿದು ಆ ಸಾಲಿನ ಮೇಲೆ ತಡೆದಳು. ಹೊಡೆದುಹಾಕಲೋ ಬಿಡಲೋ ಎಂದು ತಿಳಿಯದೆ ಅವನ ಮುಖ ನೋಡಿದಳು. 'ಹೆಸರೇ ಇಲ್ಲದೆ, ತಮಗೇ ಬರೆದದ್ದು ಅಂತ ಅವರಿಗೆ ಹೇಗೆ ಸಾರ್ ಗೊತ್ತಾಗುತ್ತೆ?'

'ನೋಡಿದ್ರೆ ಅವರಿಗೇ ಗೊತ್ತಾಗುತ್ತೆ,' ಎಂದ. ಅವರು ಇನ್ನೂ ಈ ಪತ್ರಿಕೆ ಓದುತ್ತಿದ್ದರೆ, ಎಂದು ಮನಸ್ಸಿನಲ್ಲೇ ಸೇರಿಸಿಕೊಂಡ.